ಬಗ್ಗಿದ್ದಕ್ಕೆ ಎಷ್ಟು ಪದ

ಮಾರ್ಚ್ 6, ಗುರುವಾರ

ಗುಬ್ಬಿಯ ಕೈ ಮಷೀನಿಗೆ ಸಿಕ್ಕಿಕೊಂಡಾಗ ನಾನು ನಲ್ಲಿಯ ಹತ್ತಿರ ಇದ್ದೆ. ಮಷೀನಿನ ಹತ್ತಿರ ಇರಲಿಲ್ಲ. ಇದನ್ನು ಮೊದಲು ಬರೆದಿಡುತ್ತೇನೆ. ಮೊನ್ನೆಯಿಂದ ಕೇಳಿದವರಿಗೆಲ್ಲ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ. ನಲ್ಲಿಯಿಂದ ಮಷೀನು ಕಾಣುವುದಿಲ್ಲ. ನಡುವೆ ಗೋಡೆ ಇದೆ.

ನಾನು ಬರೆಯುವ ಪೈಕಿ ಅಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕಾಗದ ಕತ್ತರಿಸಿದ್ದೇನೆ, ಕಾಗದದ ಮೇಲೆ ಗೀಚಿದ್ದು ನನ್ನ ಸಹಿ ಬಿಟ್ಟರೆ ಬೇರೇನೂ ಇಲ್ಲ. ಆದರೆ ಯಾರ ಹತ್ತಿರ ಹೇಳಲಿ? ಮಗಳಿಗೆ ಹೇಳಿದರೆ ಅಳುತ್ತಾಳೆ. ಅಳಿಯ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಏನು ಹೇಳಿದರೂ "ಹೌದು ಅತ್ತೆ" ಅನ್ನುತ್ತಾನೆ. ಮೋಡ ಕವಿದಿದೆ ಅಂದರೂ ಹೌದು ಅತ್ತೆ, ಬಿಸಿಲು ಸುಡುತ್ತಿದೆ ಅಂದರೂ ಹೌದು ಅತ್ತೆ. ಅಂಥವನ ಹತ್ತಿರ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಅದಕ್ಕೇ ಅವನ ಮೇಜಿನಿಂದ ಈ ನೋಟ್‌ಬುಕ್ ಎತ್ತಿಕೊಂಡೆ. ಯಾರಾದರೂ ತೆರೆದು ನೋಡಿದರೆ ಕೈ ಮುರಿಯುತ್ತೇನೆ.

ಥೂ. ಕೈಯ ಮಾತು ಯಾಕೆ ಬಂತು.

ನಮ್ಮದು ಹಳೆಯ ಕಟಿಂಗ್ ಮಷೀನು. ಬ್ಲೇಡು ಇಳಿಯಬೇಕಾದರೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಎಡಗೈಗೊಂದು, ಬಲಗೈಗೊಂದು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬ್ಲೇಡಿನ ಕೆಳಗಿಡಲು ಮೂರನೇ ಕೈ ಯಾರಿಗೂ ಇಲ್ಲವಲ್ಲ, ಅದಕ್ಕೆ ಹಾಗೆ ಮಾಡಿದ್ದಾರೆ. ಮಂಗಳವಾರ ಎಡಗಡೆಯ ಗುಂಡಿಯಲ್ಲಿ ಮಡಚಿದ ರಟ್ಟಿನ ತುಂಡು ಸಿಕ್ಕಿಸಿತ್ತು. ಗುಂಡಿ ಒತ್ತಿಕೊಂಡೇ ಇತ್ತು. ಹಾಗಿದ್ದರೆ ಬಲಗೈ ಒಂದರಲ್ಲೇ ಬ್ಲೇಡು ಇಳಿಸಬಹುದು, ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದುಕೊಳ್ಳಬಹುದು. ಔಷಧಿ ಬಾಟಲಿಯ ಸಣ್ಣ ಸಣ್ಣ ಲೇಬಲ್ಲು. ಬೇಗ ಬೇಗ ಆಗುತ್ತದೆ.

ಗುಬ್ಬಿಗೆ ಮಷೀನಿನ ಕೆಲಸವೇ ಗೊತ್ತಿಲ್ಲ. ಅವಳು ಬೈಂಡಿಂಗ್ ಟೇಬಲ್ಲಿನವಳು. ಹಾಳೆ ಮಡಚುವುದು, ಹೊಲಿಯುವುದು, ಅಂಟಿಸುವುದು. ಚಿಕ್ಕ ಆಳು, ದಿನವಿಡೀ ವಟವಟ. ಆ ಹೆಸರು ಇಟ್ಟವಳು ನಾನೇ. ನಾನು ಕೈ ತೊಳೆಯಲು ಹೋದಾಗ ಮ್ಯಾನೇಜರು ಅವಳನ್ನು ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದ. ಎಡಗೈಯ ಎರಡು ಬೆರಳು ಹೋಗಿವೆ. ಮೂರನೆಯದು ಉಳಿಯುತ್ತದೋ ಇಲ್ಲವೋ.

ಸೋಮವಾರ ಹದಿನೇಳಕ್ಕೆ ಕಾರ್ಖಾನೆ ಇನ್‌ಸ್ಪೆಕ್ಟರು ವಿಚಾರಣೆಗೆ ಬರುತ್ತಾರಂತೆ. ಗೇಟು ಕಿರ್ ಅಂದರೆ ಸಾಕು, ಎದ್ದು ಹೋಗಿ ಕಿಟಕಿಯಲ್ಲಿ ಇಣುಕುತ್ತೇನೆ.

ಮಾರ್ಚ್ 8, ಶನಿವಾರ

ಮ್ಯಾನೇಜರು ವಕೀಲನನ್ನು ಕರೆದುಕೊಂಡು ಮನೆಗೇ ಬಂದಿದ್ದ. ಒಂದು ಬುಟ್ಟಿ ಹಣ್ಣು ಬೇರೆ. ನಾನೇನು ಆಸ್ಪತ್ರೆಯಲ್ಲಿ ಮಲಗಿದ್ದೇನೆಯೇ?

ವಕೀಲ ಎರಡು ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. "ಇಲ್ಲೊಂದು ಸಹಿ ಅಮ್ಮಾ, ಇಲ್ಲೊಂದು. ಆಮೇಲೆ ನೆಮ್ಮದಿಯಾಗಿರಿ."

"ಏನು ಬರ್ದಿದೆ?"

"ನಡೆದಿದ್ದನ್ನ ಬರ್ದಿದೆ."

"ನಡೆದಿದ್ದು ನಿಮಗೆ ಹೇಗೆ ಗೊತ್ತು? ನೀವಲ್ಲಿದ್ರಾ?"

ಮ್ಯಾನೇಜರು ಹಲ್ಲು ಬಿಟ್ಟ. "ಅವರ ಬಾಯಿ ಹಾಗೇ ಸಾರ್, ಬೇಜಾರು ಮಾಡ್ಕೋಬೇಡಿ."

"ಇಂಗ್ಲಿಷಲ್ಲಿದೆ ಅಮ್ಮಾ," ಎಂದ ವಕೀಲ. "ಹೆಡ್ ಆಫೀಸಿಗೆ ಹೋಗೋ ಕಾಗದ. ನಿಮಗೆ ಓದೋಕೆ ಬರಲ್ಲ."

"ನಂಗೆ ಬರಲ್ಲ, ನನ್ನ ಅಳಿಯನಿಗೆ ಬರುತ್ತೆ. ಕಾಗದ ಇಲ್ಲಿರ್ಲಿ. ನೀವು ಹೊರಡಿ."

ಹೊರಟರು. ಹೊಸ್ತಿಲಲ್ಲಿ ನಿಂತು ವಕೀಲ ಮೆಲ್ಲಗೆ ಹೇಳಿದ ಮಾತು ಕಿವಿಯಿಂದ ಇಳಿಯುತ್ತಿಲ್ಲ: "ಸಹಿ ಹಾಕಿದ್ರೆ ನಿಮಗೊಂದು ಎಚ್ಚರಿಕೆ ಪತ್ರ, ಅಲ್ಲಿಗೆ ಮುಗೀತು. ಹಾಕ್ಲಿಲ್ಲ ಅಂದ್ರೆ ರಟ್ಟು ಇಟ್ಟೋರು ಅಂತ ಕೇಸು ನೇರ ನಿಮ್ಮ ಮೇಲೆ. ಈ ವಯಸ್ಸಲ್ಲಿ ಜೈಲು ಅಂದ್ರೆ ಸುಮ್ನೆ ಅಲ್ಲ ಅಮ್ಮಾ."

ಅಳಿಯ ಕನ್ನಡಕ ಹಾಕಿಕೊಂಡು ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ. ಅದರ ಸಾರ ಇಷ್ಟು: ಬೆರಳು ಕಳೆದುಕೊಂಡ ಹೆಂಗಸೇ ಕೆಲಸ ಬೇಗ ಮುಗಿಯಲಿ ಎಂದು ರಟ್ಟು ಸಿಕ್ಕಿಸಲು ಮತ್ತೆ ಮತ್ತೆ ಬೇಡಿಕೊಂಡಳು, ಹಿರಿಯ ಕೆಲಸಗಾರ್ತಿ ಮೊದಲು ಬೇಡವೆಂದಳು, ಕೊನೆಗೆ ರಿಲೆಂಟ್ ಆದಳು.

"ಹಾಗಂದ್ರೆ?"

"ಗಟ್ಟಿಯಾಗಿ ಕೂತಿದ್ದೋರು ಎದುರಿನೋರು ಬೇಡ್ಕೊಂಡಾಗ ಮನಸ್ಸು ಕರಗಿ ಒಪ್ಕೊಳ್ಳೋದು ಅತ್ತೆ. ಒಳ್ಳೇ ಪದ. ಒಪ್ಪಿದೋರು ದಯೆ ಇರೋರು ಅಂತ ಕಾಣುತ್ತೆ."

"ಬೇಡಿದೋರು?"

ಅವನು ಕನ್ನಡಕ ತೆಗೆದು ಒರೆಸಿದ. "ತಪ್ಪೆಲ್ಲ ಅವರದೇ ಅಂತ ಆಗುತ್ತೆ. ಆಗ ಅವರಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ."

ಗುಬ್ಬಿ ನನ್ನ ಹತ್ತಿರ ಏನೂ ಬೇಡಲಿಲ್ಲ. ಆ ರಟ್ಟು ಯಾಕಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಮಷೀನು ಇರುವುದೇ ಹಾಗೆ ಅಂದುಕೊಂಡಿದ್ದಳು.

ಹಣ್ಣು ಯಾರೂ ಮುಟ್ಟಬೇಡಿ ಅಂದಿದ್ದೇನೆ.

ಮಾರ್ಚ್ 9, ಭಾನುವಾರ

ಜೈಲಿನಲ್ಲಿ ಮಂಡಿನೋವಿನ ಮಾತ್ರೆ ಕೊಡುತ್ತಾರೋ ಇಲ್ಲವೋ. ಯಾರನ್ನು ಕೇಳುವುದು. ಕೇಳಿದರೆ ಯಾಕೆ ಕೇಳಿದೆ ಅನ್ನುತ್ತಾರೆ.

ಮಾರ್ಚ್ 10, ಸೋಮವಾರ

ಅಳಿಯ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದ. ಎದುರಿಗೆ ಹೋಗಿ ಕುರ್ಚಿ ಎಳೆದುಕೊಂಡೆ.

"ಬಗ್ಗೋದಕ್ಕೆ ಇಂಗ್ಲಿಷಲ್ಲಿ ಎಷ್ಟು ಪದ ಇದೆ?"

"ಬಗ್ಗೋದಕ್ಕಾ? ಸೊಂಟ ಬಗ್ಗೋದಾ ಅತ್ತೆ?"

"ನಿನ್ನ ತಲೆ. ಇನ್ನೊಬ್ರ ಮಾತಿಗೆ ಬಗ್ಗೋದು."

ಕೆಂಪು ಪೆನ್ನು ಕೆಳಗಿಟ್ಟು ಶುರು ಮಾಡಿದ ನೋಡಿ, ಮೇಷ್ಟ್ರ ಬುದ್ಧಿ. ಸರೆಂಡರ್ ಅಂದರೆ ಎದುರಿಗೆ ಶತ್ರು ಇರಬೇಕು, ಕೈ ಮೇಲೆತ್ತಬೇಕು. ಸಬ್‌ಮಿಟ್ ಅಂದರೆ ಮೇಲಿನವರ ಕೆಳಗೆ ಕತ್ತು ಕೊಡುವುದು. ಕನ್ಸೀಡ್ ಅಂದರೆ ವಾದ ಮಾಡಿ ಮಾಡಿ, ಸರಿ, ಈ ಮಾತು ನಿನ್ನದೇ ಸರಿ ಅಂತ ಬಿಟ್ಟುಕೊಡುವುದು. ಯೀಲ್ಡ್ ಅಂದರೆ ಭಾರ ಹೇರಿದಾಗ ಕೊಂಬೆ ಬಗ್ಗುತ್ತದಲ್ಲ, ಹಾಗೆ. ಕೊಂಬೆಯದೇನೂ ತಪ್ಪಿಲ್ಲ, ಭಾರದ್ದು.

"ಅದೇ," ಎಂದೆ. "ಅದೇ ನಂದು. ಬರ್ಕೋ."

ಗುಬ್ಬಿಗೆ ಹೀಗಾಗುವ ಹಿಂದಿನ ವಾರ ಮ್ಯಾನೇಜರು ಮೂರು ದಿನ ನನ್ನ ಬೆನ್ನು ಬಿಡಲಿಲ್ಲ. ಬುಧವಾರ "ಸ್ವಲ್ಪ ಕೈ ಚುರುಕು ಮಾಡಿ" ಅಂದ. ಗುರುವಾರ, ಬೇರೆ ಪ್ರೆಸ್ಸಿನಲ್ಲಿ ಒಂದು ಗುಂಡಿಗೆ ರಟ್ಟು ಇಟ್ಟುಬಿಡುತ್ತಾರೆ ಅಂದ. ಶುಕ್ರವಾರ ಎಲ್ಲರ ಎದುರಿಗೆ, "ಆಗ್ದಿದ್ರೆ ಹೇಳ್ಬಿಡಿ, ಮಷೀನಿಗೆ ವಯಸ್ಸಿನೋರನ್ನ ಹಾಕ್ತೀನಿ" ಅಂದ. ವಯಸ್ಸಿನವರು ಅಂದರೆ ಚಿಕ್ಕ ವಯಸ್ಸಿನವರು. ಹಾಗಾದರೆ ನನ್ನದೇನು, ವಯಸ್ಸೇ ಅಲ್ಲವೇ?

ಮೂರು ದಿನದ ಭಾರ. ನಾನು ಕೊಂಬೆ. ರಾತ್ರಿ ಊಟ ಸೇರಿತು.

ಮಾರ್ಚ್ 12, ಬುಧವಾರ

ವಕೀಲನಿಗೆ ಫೋನ್ ಮಾಡಿಸಿದೆ. ಆ ರಿಲೆಂಟ್ ಬೇಡ, ಯೀಲ್ಡ್ ಹಾಕಿ ಅಂದೆ. ಅವನಿಗೆ ಖುಷಿಯೋ ಖುಷಿ. "ಆಗ್ಲಿ ಅಮ್ಮಾ, ಧಾರಾಳವಾಗಿ. ಆಕೆಯ ಒತ್ತಾಯಕ್ಕೆ ಯೀಲ್ಡ್ ಆದ್ರಿ ಅಂತ ಹಾಕೋಣ."

"ಆಕೆಯ ಒತ್ತಾಯ ಅಲ್ಲಯ್ಯ! ಮ್ಯಾನೇಜರ್ ಒತ್ತಾಯ!"

"ಅದು ಮಾತ್ರ ಆಗಲ್ಲ. ಪದ ಯಾವುದು ಬೇಕಾದ್ರೂ ಹಾಕೋಣ."

ಫೋನ್ ಕುಕ್ಕಿದೆ. ಪದ ಬದಲಾಯಿಸುತ್ತಾರಂತೆ, ಮನುಷ್ಯರನ್ನು ಬದಲಾಯಿಸುವುದಿಲ್ಲವಂತೆ. ಇವನ ಬಾಯಿಗೆ ನಮ್ಮ ಅಂಟಿನ ಡಬ್ಬಿ ಸುರಿಯಬೇಕು.

ಆಮೇಲೆ ಬಟ್ಟೆ ಒಣಹಾಕುವಾಗ ಒಂದು ವಿಷಯ ನೆನಪಾಗಿ ಕೈ ಹಾಗೇ ನಿಂತಿತು. ನಾನು ರಟ್ಟು ಸಿಕ್ಕಿಸಿದ್ದು ಆ ವಾರದ ಶನಿವಾರ ಮಧ್ಯಾಹ್ನ. ಮ್ಯಾನೇಜರು ಶನಿವಾರ ಬಂದಿರಲೇ ಇಲ್ಲ. ಭಾರ ಹೇರುವವನೇ ಇಲ್ಲದ ಹೊತ್ತಿನಲ್ಲಿ ನಾನೇ ರಟ್ಟು ಹುಡುಕಿದೆ, ನಾನೇ ಅಳತೆಗೆ ಮಡಚಿದೆ, ನಾನೇ ಸಿಕ್ಕಿಸಿ ಮೇಲೆ ಟೇಪು ಅಂಟಿಸಿದೆ. ನೀಟಾಗಿ ಕೂತಿತ್ತು. ನೋಡಿ ಹೆಮ್ಮೆಯೂ ಆಗಿತ್ತು. ಸಂಜೆಯೊಳಗೆ ಕಟ್ಟುಗಳು ಮಾಮೂಲಿಗಿಂತ ಎಷ್ಟೋ ಹೆಚ್ಚು. ಸೋಮವಾರ ಮ್ಯಾನೇಜರು ಬಂದು ರಟ್ಟನ್ನೂ ಕಟ್ಟುಗಳನ್ನೂ ನೋಡಿ "ಅಬ್ಬಾ, ಅಜ್ಜಿಗೆ ಪ್ರಾಯ ಬಂತು" ಅಂದ. ನನಗೆ ಕೋಪ ಬರಲಿಲ್ಲ. ಕೋಪ ಬಂತು ಅಂತ ಇಲ್ಲಿ ಬರೆಯಬೇಕೆಂದಿದ್ದೆ, ಬಂದಿರಲಿಲ್ಲ.

ಇದಕ್ಕೇನಾದರೂ ಪದ ಇದೆಯಾ ಅಂತ ಅಳಿಯನನ್ನು ಕೇಳಿದೆ, ಯಾರದೋ ಕತೆ ಅನ್ನುವ ಹಾಗೆ. ಸಕ್ಕಂಬ್ ಅಂದ. ಒಳಗಿನ ಆಸೆಗೋ ಕಾಯಿಲೆಗೋ ಸೋತು ಬೀಳುವುದಂತೆ. ಎದುರಿಗೆ ಯಾರೂ ಇರಬೇಕಾಗಿಲ್ಲವಂತೆ.

ಚೆನ್ನಾಗಿಲ್ಲ ಆ ಪದ. ಬಾಯಿಗೆ ಕಲ್ಲು ಸಿಕ್ಕಿದ ಹಾಗಿದೆ.

ಮಾರ್ಚ್ 13, ಗುರುವಾರ

ಬಾಗಿಲು ತೆರೆದಿದ್ದರೆ ನಲ್ಲಿಯ ಹತ್ತಿರದಿಂದ ಮಷೀನಿನ ಅರ್ಧ ಕಾಣುತ್ತದೆ. ತೆರೆದಿದ್ದರೆ.

ಮಾರ್ಚ್ 14, ಶುಕ್ರವಾರ

ಆಸ್ಪತ್ರೆಗೆ ಹೋದೆ. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೆ. ವಾರ್ಡಿನ ಬಾಗಿಲವರೆಗೂ ಹೋದೆ. ಒಳಗೆ ಗುಬ್ಬಿ ಆ ಕಡೆ ತಿರುಗಿ ಮಲಗಿದ್ದಳು. ದಿಂಬಿನ ಮೇಲೆ ಬ್ಯಾಂಡೇಜು ಸುತ್ತಿದ ಕೈ, ಅದರ ಪಾಡಿಗೆ ಅದು ಬೇರೆ ಯಾರದೋ ಸಾಮಾನಿನ ಹಾಗೆ. ಮಾತೇ ಇಲ್ಲ. ಅವಳಿರುವ ಕಡೆ ಮಾತಿಲ್ಲದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವಳ ಗಂಡ ಲಾರಿ ಮೆಕ್ಯಾನಿಕ್ಕು. ಫ್ಲಾಸ್ಕ್ ಹಿಡಿದು ಎದುರಿಗೆ ಬಂದ. ನನ್ನನ್ನು ನೋಡಿ ಅವನ ಮುಖ ಅರಳಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬನ್ನಿ ದೊಡ್ಡಮ್ಮ, ಎಷ್ಟು ಸಲ ನಿಮ್ಮನ್ನ ಕೇಳಿದ್ಲು. ಆ ಹೊತ್ತಿಗೆ ದೊಡ್ಡಮ್ಮ ಹತ್ರ ಇದ್ದಿದ್ರೆ ಹೀಗಾಗ್ತಾನೇ ಇರ್ಲಿಲ್ಲ, ಒಂದು ಗದರು ಗದರ್ತಿದ್ರು ಅಂತಾಳೆ."

"ಬಸ್ಸಿಗೆ ಹೊತ್ತಾಯ್ತು" ಅಂದೆ. ಬಂದು ಎರಡು ನಿಮಿಷ ಆಗಿರಲಿಲ್ಲ.

ಸಹಿ ಹಾಕಿಬಿಡುತ್ತೇನೆ. ನನ್ನಿಂದ ತಡೆಯಲಾಗುವುದಿಲ್ಲ. ಹಾಕಿ ಕಳಿಸಿಬಿಡುತ್ತೇನೆ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಅಳಿಯನ ಹತ್ತಿರ ಪೆನ್ನು ಕೇಳಿದೆ. ಕೊಟ್ಟ. ಕಾಗದ ಎದುರಿಗಿಟ್ಟುಕೊಂಡೆ. ಸಹಿ ಹಾಕುವುದನ್ನು ಮುಂದೂಡಲು ಬಾಯಿಗೆ ಬಂದದ್ದು ಕೇಳಿದೆ.

"ನೀನು ದಿನಾ ನಂಗೆ ಹೌದು ಅತ್ತೆ, ಹೌದು ಅತ್ತೆ ಅಂತೀಯಲ್ಲ, ಅದು ಯಾವ ಪದ? ಸರೆಂಡರಾ?"

ನಕ್ಕುಬಿಟ್ಟ. "ನೀವು ಶತ್ರು ಅಲ್ವಲ್ಲ ಅತ್ತೆ."

"ಸಬ್‌ಮಿಟ್ಟಾ?"

"ಛೇ."

"ಮತ್ತೇನು, ದಿನಾ ಮನಸ್ಸು ಕರಗುತ್ತಾ ನಿಂಗೆ?"

"ಅಕ್ವಿಯೆಸ್ ಅಂತ ಒಂದಿದೆ. ಇಷ್ಟ ಅಂತಲ್ಲ, ಜಗಳವೂ ಇಲ್ಲ. ಎದುರಿಗೆ ನಡೀತಿರುತ್ತೆ, ನಾವು ಸುಮ್ನಿರ್ತೀವಿ. ಸುಮ್ನಿದ್ರೆ ಒಪ್ಪಿದ ಹಾಗೇ. ಅದಕ್ಕೆ ಹೌದು ಅಂತ ಬಾಯಿ ಬಿಟ್ಟು ಹೇಳೋದೂ ಬೇಕಾಗಿಲ್ಲ."

"ಅದು ತಪ್ಪಾ?"

"ಮನೇಲಿ ಇವತ್ತು ಯಾವ ಸಾರು ಅನ್ನೋದಕ್ಕೆ ಸುಮ್ನಿದ್ರೆ ಏನೂ ತಪ್ಪಿಲ್ಲ ಅತ್ತೆ."

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಏನಾಯಿತೋ ಗೊತ್ತಿಲ್ಲ, ಹೇಳಿದೆ. ಬಾಗಿಲು ತೆರೆದಿತ್ತು ಎಂದೆ. ಕೈಗೆ ಸೋಪು ಹಚ್ಚಿಕೊಂಡು ತಿರುಗಿದಾಗ ಗುಬ್ಬಿ ನನ್ನ ಜಾಗದಲ್ಲಿ ನಿಂತಿದ್ದಳು. ಅವಳ ಎಡಗೈ ಬ್ಲೇಡಿನ ಕೆಳಗೆ ಕಾಗದ ಸರಿಮಾಡುತ್ತಿತ್ತು, ಬಲಗೈ ಗುಂಡಿಯ ಹತ್ತಿರ ಇತ್ತು. ನನಗೆ ಕಂಡಿತು. ಅವಳ ಪಕ್ಕದಲ್ಲೇ ಮ್ಯಾನೇಜರು ನಿಂತಿದ್ದ. "ಗುಬ್ಬೀ, ಕೈ ತೆಗಿ, ಆ ರಟ್ಟು ಕೀಳು" ಅಂತ ಕೂಗಬೇಕಿತ್ತು. ಕೂಗಿದ್ದರೆ ಅವನ ಎದುರಿಗೇ ರಟ್ಟು ಹೋಗುತ್ತಿತ್ತು, ಮತ್ತೆ ನಾನು ನಿಧಾನದ ಮುದುಕಿ, ನನ್ನ ಮಷೀನು ಬೇರೆಯವರಿಗೆ. ಒಂದು ಕಟ್ಟು ತಾನೇ, ಏನಾಗುತ್ತದೆ ಅಂದುಕೊಂಡೆ. ಮತ್ತೆ ನಲ್ಲಿಯ ಕಡೆ ತಿರುಗಿದೆ. ಸೋಪು ತೊಳೆದುಕೊಂಡೆ. ಎರಡು ಸಲ ತೊಳೆದುಕೊಂಡೆ. ಎರಡನೇ ಸಲ ತೊಳೆಯುವಾಗ ಅವಳ ಕೂಗು ಕೇಳಿತು.

ಅಳಿಯ ನನ್ನ ಮುಖ ನೋಡುತ್ತಾ ಕೂತಿದ್ದ. ಅವನ ಮುಖ ನೋಡಲು ನನಗಾಗಲಿಲ್ಲ.

"ಸಹಿ ಹಾಕ್ಬಿಡ್ತೀನಿ," ಎಂದೆ. "ಎಲ್ಲ ಮುಗಿದುಹೋಗ್ಲಿ. ಹಾಕ್ಲಾ?"

"ಬೇಡ ಅತ್ತೆ."

"ಏನಂದೆ?"

"ಬೇಡ ಅಂದೆ."

ಅವನು ಅಳಿಯನಾಗಿ ಬಂದ ಒಂಬತ್ತು ವರ್ಷದಲ್ಲಿ ಮೊದಲ ಸಲ. "ಜೈಲಿಗೆ ನೀನು ಹೋಗ್ತೀಯಾ ನನ್ನ ಬದ್ಲು? ಹೇಳೋದು ಸುಲಭ! ಕೆಂಪು ಪೆನ್ನಲ್ಲಿ ಗೀಟು ಎಳೆದ ಹಾಗಲ್ಲ ಇದು!" ಅಂತ ಬಾಯಿಗೆ ಬಂದ ಹಾಗೆ ಬೈದೆ. ಸುಮ್ಮನೆ ಬೈಸಿಕೊಂಡ, ಮಾತು ಮಾತ್ರ ವಾಪಸ್ ತಗೊಳ್ಳಲಿಲ್ಲ.

ಸಂಜೆ ಅವನಿಗೆ ಟೀ ಮಾಡಿಕೊಟ್ಟೆ. ಹಾಲು ಸ್ವಲ್ಪ ಹೆಚ್ಚಾಗಿತ್ತು, ಕೆಟ್ಟುಹೋಗುತ್ತದಲ್ಲ ಅಂತ.

ಮಾರ್ಚ್ 17, ಸೋಮವಾರ

ಇನ್‌ಸ್ಪೆಕ್ಟರು ಹೆಂಗಸು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮ್ಯಾನೇಜರನ ಕೋಣೆಯಲ್ಲೇ ವಿಚಾರಣೆ. ಒಂದು ಮೂಲೆಯಲ್ಲಿ ಗುಮಾಸ್ತ ಟೈಪು ಮಾಡಲು ಕೂತಿದ್ದ. ಮ್ಯಾನೇಜರು ಕಿಟಕಿಯ ಹತ್ತಿರ, ವಕೀಲ ನನ್ನ ಪಕ್ಕ. ಅಳಿಯನನ್ನು ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತಿದ್ದ. ಗಾಜಿನಿಂದ ಅವನ ತಲೆಯ ಬೊಕ್ಕ ಭಾಗ ಮಾತ್ರ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ವಕೀಲ ಕಾಗದ ಮುಂದೆ ತಳ್ಳಿದ. "ಅವರ ಹೇಳಿಕೆ ಸಿದ್ಧವಾಗಿದೆ ಮೇಡಂ, ಸಹಿ ಒಂದು ಬಾಕಿ."

"ನಂದಲ್ಲ ಅದು," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಹೇಳಿದೆ, ಆಗ ಜೋರಾಗಿಯೇ ಬಂತು. "ಅದು ನಂದಲ್ಲ. ಅವಳು ಏನೂ ಬೇಡ್ಲಿಲ್ಲ. ರಟ್ಟು ಇಟ್ಟಿದ್ದು ನಾನು."

ವಕೀಲ ನನ್ನ ಮೊಣಕೈ ಮುಟ್ಟಿದ. "ಕೈ ತೆಗಿಯಯ್ಯ," ಎಂದೆ. ತೆಗೆದ.

ಮ್ಯಾನೇಜರು ಮೂರು ದಿನ ಅಂದದ್ದನ್ನು ಹೇಳಿದೆ. ಶನಿವಾರ ಅವನು ಬಂದಿರಲಿಲ್ಲ ಅನ್ನುವುದನ್ನೂ ಹೇಳಿದೆ. ಕಿಟಕಿಯ ಹತ್ತಿರ ಅವನು "ನೋಡಿದ್ರಾ ಮೇಡಂ, ನೋಡಿದ್ರಾ" ಅಂದ. ಸೋಮವಾರ ರಟ್ಟು ನೋಡಿ ಹೊಗಳಿದ್ದನ್ನು ಹೇಳಿದಾಗ ಅವನ ಬಾಯಿ ಮುಚ್ಚಿತು.

ಇನ್‌ಸ್ಪೆಕ್ಟರು ಪೆನ್ನು ಕಚ್ಚಿಕೊಂಡು ಯೋಚಿಸಿದರು. ದನಿ ಮೆತ್ತಗೆ ಮಾಡಿ, "ಅಮ್ಮಾ, ಮೇಲಿನೋರ ಒತ್ತಡಕ್ಕೆ ನೀವು ಮಣಿದ್ರಿ. ಹಾಗೆ ಬರೆಸ್ತೀನಿ, ಸರೀನಾ?" ಅಂದರು. ಗುಮಾಸ್ತನಿಗೆ "ಯೀಲ್ಡೆಡ್" ಅಂದರು.

ಅದೇ ಪದ. ಹೋದ ವಾರ ನಾನು ಕೇಳಿದ ಅರ್ಥದಲ್ಲಿ ಸಿಗದಿದ್ದ ಪದ, ಈಗ ಕೇಳದೆ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಗುಮಾಸ್ತ ಟೈಪು ಮಾಡಲು ಬೆರಳೆತ್ತಿದ. ಅವನಿಗೆ ಹತ್ತೂ ಬೆರಳಿದ್ದವು.

"ಬೇಡ," ಎಂದೆ. "ಆ ಪದ ಬೇಡ ತಾಯಿ. ಯಾವ ಪದವೂ ಬೇಡ. ಆಗಿದ್ದು ಬರ್ಕೊಳ್ಳಿ. ನಲ್ಲಿ ಹತ್ರ ಇದ್ದೆ. ಬಾಗಿಲು ತೆರೆದಿತ್ತು. ಅವಳ ಕೈ ಬ್ಲೇಡಿನ ಕೆಳಗಿತ್ತು, ನೋಡ್ದೆ. ಕೂಗ್ಲಿಲ್ಲ. ಬೆನ್ನು ತಿರುಗಿಸಿ ಕೈ ತೊಳ್ಕೊಂಡೆ."

ವಕೀಲ ತನ್ನ ಕಾಗದ ಮಡಚಿ ಚೀಲದೊಳಗಿಟ್ಟುಕೊಂಡ. ಇನ್‌ಸ್ಪೆಕ್ಟರು "ಇದನ್ನ ಬರೆದ್ರೆ ನಿಮ್ಮ ಮೇಲೂ ಪ್ರಕರಣ ಆಗುತ್ತೆ, ಗೊತ್ತಾ ಅಮ್ಮಾ?" ಅಂದರು.

"ಗೊತ್ತು. ಹೆದರಿಕೆ ಆಗ್ತಿದೆ. ಬೇಗ ಬರ್ಕೊಳ್ಳಿ."

ಕನ್ನಡದಲ್ಲೇ ಬರೆಸಿ ಓದಿ ಹೇಳಿದರು. ಸಹಿ ಹಾಕಿದೆ. ಮುಂದೇನು ಅನ್ನುವುದು ತಿಂಗಳೊಪ್ಪತ್ತಿನಲ್ಲಿ ತಿಳಿಯುತ್ತದಂತೆ. ಅಲ್ಲಿಯವರೆಗೆ ಪ್ರೆಸ್ಸಿಗೆ ಬರಬೇಡಿ ಅಂದರು. ಮ್ಯಾನೇಜರಿಗೂ ಅದೇ ಮಾತು. ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಕೂತೆ. ಅಳಿಯ ಏಳಲು ಕೈ ಕೊಟ್ಟ. ಹಿಡಿದುಕೊಂಡೆ, ಮೆಟ್ಟಿಲು ಕಡಿದಾಗಿತ್ತು.

ಮಾರ್ಚ್ 19, ಬುಧವಾರ

ಆಸ್ಪತ್ರೆಗೆ ಒಬ್ಬಳೇ ಹೋದೆ. ಮೂರನೆಯ ಬೆರಳು ಉಳಿದಿದೆಯಂತೆ, ಮಡಚಲು ಮಾತ್ರ ಆಗುವುದಿಲ್ಲವಂತೆ. ಗಂಡ ಔಷಧಿ ತರಲು ಹೋಗಿದ್ದ. ಗುಬ್ಬಿ ದಿಂಬಿಗೆ ಒರಗಿ ಕೂತಿದ್ದಳು.

"ಅಂತೂ ಬಂದ್ರಾ ದೊಡ್ಡಮ್ಮ. ಇಲ್ಲಿನ ನರ್ಸಿಗೆ ನಿಮ್ಮ ಹಾಗೆ ಬೈಯೋಕೆ ಬರಲ್ಲ, ಬೇಜಾರಾಗಿದೆ."

ನಿಂತುಕೊಂಡೇ ಹೇಳಿದೆ. ಇನ್‌ಸ್ಪೆಕ್ಟರಿಗೆ ಹೇಳಿದ್ದಷ್ಟನ್ನೂ, ಅದೇ ಮಾತುಗಳಲ್ಲಿ.

ಅವಳು ನನ್ನನ್ನು ನೋಡಲಿಲ್ಲ. ಹೊದಿಕೆಯ ಅಂಚನ್ನು ಬಲಗೈಯಿಂದ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಮಡಚುವುದು ಅವಳ ಕೆಲಸ. ಅದಕ್ಕೆ ಎರಡು ಕೈ ಬೇಕು.

ಆಮೇಲೆ ಮೆಲ್ಲಗೆ ಕೇಳಿದಳು: "ಆ ಮಷೀನು ಸದ್ದಲ್ಲಿ ನೀವು ಕೂಗಿದ್ರೂ ನಂಗೆ ಕೇಳಿಸ್ತಿರ್ಲಿಲ್ಲ, ಅಲ್ವಾ ದೊಡ್ಡಮ್ಮ?"

ಹೌದು ಅನ್ನು ಅನ್ನುವ ಹಾಗಿತ್ತು ಅವಳು ಕೇಳಿದ ರೀತಿ. ನನಗೋಸ್ಕರ ಕೇಳಿದಳೋ, ತನಗೋಸ್ಕರ ಕೇಳಿದಳೋ, ಗೊತ್ತಾಗಲಿಲ್ಲ.

"ಕೇಳಿಸ್ತಿತ್ತು," ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಹೋಗಿ ಅನ್ನಲಿಲ್ಲ. ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಕೂತೆ. ಭೇಟಿಯ ಹೊತ್ತು ಮುಗಿಯಿತು ಅಂತ ಗಂಟೆ ಹೊಡೆಯುವವರೆಗೂ ಕೂತೇ ಇದ್ದೆ.